ಸರ್ಕಾರಕ್ಕೆ ವೆಚ್ಚವಿಲ್ಲದಂತೆ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಎರಡು ಹಾಳೆಗಳನ್ನು ಮಡಿಸಿ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಅವರ ಮಗ ಅಮೆರಿಕದಲ್ಲಿ ಎಂಜಿನಿಯರು. ದುಡಿಯುತ್ತಿದ್ದ ಸಂಸ್ಥೆ ಜನರನ್ನು ಕಡಿಮೆ ಮಾಡಿದಾಗ ಆತನ ಕೆಲಸ ಹೋಯಿತು. ಬೇರೊಂದು ಕೆಲಸ ಹುಡುಕಿಕೊಳ್ಳಲು ಅಲ್ಲಿಯ ನಿಯಮ ಕೊಡುವ 60 ದಿನಗಳ ಅವಧಿಯೂ ಮೀರಿತು. ಅದರ ಹಿಂದೆಯೇ, ವಲಸೆ ನ್ಯಾಯಾಲಯದ ಮುಂದೆ ಹಾಜರಾಗಬೇಕೆಂಬ ನೋಟೀಸು ಬಂತು. ಮಗ ಅದರ ಪ್ರತಿಯನ್ನು ಫೋನಿಗೆ ಕಳುಹಿಸಿದ್ದ. ಮೇಷ್ಟ್ರು ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಒಂದು ವಾಕ್ಯದ ಕೆಳಗೆ ಗೆರೆ ಎಳೆದು ತಂದಿದ್ದರು. ವಿಚಾರಣೆಗೆ ನೀವು ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಅದರಿಂದ ಸರ್ಕಾರಕ್ಕೆ ವೆಚ್ಚವಾಗಕೂಡದು ಎಂಬುದು ಆ ವಾಕ್ಯದ ತಾತ್ಪರ್ಯ.

“ಇದೇನು ಸ್ವಾಮಿ, ಕಳ್ಳನಿಗೂ ಕೋರ್ಟು ವಕೀಲರನ್ನು ಕೊಡುತ್ತದೆ ಎಂದು ನಾನು ಮಕ್ಕಳಿಗೆ ಪಾಠ ಹೇಳಿದ್ದೇನೆ. ನನ್ನ ಮಗ ಕಳ್ಳನೂ ಅಲ್ಲವಲ್ಲ?” ಎಂದರು.

“ಕಳ್ಳನಲ್ಲದ್ದರಿಂದಲೇ ಕೊಡುವುದಿಲ್ಲ, ಮೇಷ್ಟ್ರೇ” ಎಂದೆ. ಹೇಳಿದ ಮೇಲೆ ನನಗೇ ಆ ಮಾತು ಕಠಿಣವೆನಿಸಿತು. ಆದರೆ ಅದು ನಿಜ. ಅದರ ಹಿಂದೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಇಂದು ಶ್ರೋತೃಗಳ ಮುಂದೆ ಅದನ್ನೇ ಬಿಚ್ಚಿಡಬೇಕೆಂದಿದ್ದೇನೆ.

ಕಥೆ ಆರಂಭವಾಗುವುದು ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ. 1849ರ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತ್ತು. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ರೈತಮಕ್ಕಳು ಆ ನಾಡಿಗೆ ಚಿನ್ನದ ಬೆಟ್ಟ ಎಂದೇ ಹೆಸರಿಟ್ಟು ಹಡಗು ಹತ್ತಿದರು. ಅವರ ಪೈಕಿ ಚಿನ್ನ ಕಂಡವರು ಕೆಲವರು. ಉಳಿದವರು ಅಡುಗೆ ಮಾಡಿದರು, ಬಟ್ಟೆ ಒಗೆದರು, ತೋಟಗಳಲ್ಲಿ ದುಡಿದರು. ಖಂಡದ ಎರಡು ತೀರಗಳನ್ನು ಬೆಸೆದ ರೈಲುಮಾರ್ಗದ ಪಶ್ಚಿಮದ ಭಾಗವನ್ನು, ಹಿಮದಲ್ಲಿ ಬಂಡೆ ಸಿಡಿಸುತ್ತ ಕಡಿದು ಹಾಕಿದವರು ಹತ್ತು ಸಾವಿರಕ್ಕೂ ಮಿಕ್ಕ ಈ ಚೀನೀ ಕೂಲಿಗಳೇ. 1869ರಲ್ಲಿ ಮಾರ್ಗ ಮುಗಿಯಿತು. ಮುಂದಿನ ದಶಕದಲ್ಲಿ ಕೆಲಸಗಳು ಕಡಿಮೆಯಾದವು, ಬಿಳಿಯ ಕೂಲಿಕಾರರ ಸಿಟ್ಟು ಇವರ ಮೇಲೆ ತಿರುಗಿತು. 1882ರ ಮೇ 6ರಂದು ಅಧ್ಯಕ್ಷ ಚೆಸ್ಟರ್ ಆರ್ಥರ್ ಒಂದು ಕಾಯಿದೆಗೆ ರುಜು ಹಾಕಿದರು: ಹತ್ತು ವರ್ಷಗಳ ಕಾಲ ಚೀನೀ ಕೂಲಿಕಾರರು ಅಮೆರಿಕವನ್ನು ಪ್ರವೇಶಿಸಕೂಡದು. ಆ ಹತ್ತು ವರ್ಷ ಬೆಳೆಯುತ್ತ ಹೋಗಿ 1943ರ ತನಕ ನಿಂತಿತು.

ಕಾಯಿದೆ ಬಂದ ಮೇಲೆ ಹಡಗಿನಿಂದಿಳಿಯುವ ಪ್ರತಿಯೊಬ್ಬ ಚೀನೀಯನನ್ನೂ ಬಂದರಿನ ಸುಂಕದ ಅಧಿಕಾರಿ ತಡೆದು ಕೇಳತೊಡಗಿದ. ನೀನು ಕೂಲಿಯೋ, ವರ್ತಕನೋ? ಮೊದಲೇ ಇಲ್ಲಿದ್ದವನೋ, ಹೊಸಬನೋ? ಉತ್ತರ ಒಪ್ಪಿಗೆಯಾಗದಿದ್ದರೆ ಬಂದ ಹಡಗಿನಲ್ಲೇ ಹಿಂದಿರುಗಬೇಕು. ಭಾಷೆ ಬಾರದ, ಕೈಯಲ್ಲಿ ಕಾಸಿಲ್ಲದ, ಹಡಗಿನ ಕಟಕಟೆಯ ಮೇಲೆ ನಿಂತು ಎದುರಿಗಿರುವ ಊರನ್ನು ನೋಡುತ್ತಿರುವ ಮನುಷ್ಯ ಯಾರ ಸಹಾಯವನ್ನು ಬೇಡಬೇಕು?

ದಡದಲ್ಲಿ ಅವನಿಗೊಂದು ವಿಳಾಸವಿತ್ತು. ಅದನ್ನು ಅಮೆರಿಕನರು ‘ಆರು ಕಂಪನಿಗಳು’ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ವ್ಯಾಪಾರದ ಕಂಪನಿ ಎಂದು ತಿಳಿಯಬಾರದು. ಒಂದೊಂದು ಸೀಮೆಯಿಂದ ಬಂದವರು ಒಂದೊಂದು ಸಂಘ ಕಟ್ಟಿಕೊಂಡಿದ್ದರು. ಹಿಂದೆ ನಮ್ಮ ಕಡೆಯ ಹುಡುಗರು ಓದಲೆಂದು ಮೈಸೂರಿಗೋ ಬೆಂಗಳೂರಿಗೋ ಬಂದಾಗ ತಮ್ಮ ಜಿಲ್ಲೆಯವರ, ತಮ್ಮ ಜನದವರ ಛತ್ರ-ಹಾಸ್ಟೆಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರಲ್ಲವೆ, ಅಂಥದೇ ಏರ್ಪಾಡು. ಸಂಘದವರು ಧಕ್ಕೆಗೆ ಬಂದು ತಮ್ಮ ಸೀಮೆಯವರನ್ನು ಕರೆದೊಯ್ಯುವರು, ಮಲಗಲು ಜಾಗ ಕೊಡುವರು, ಕೆಲಸ ತೋರಿಸುವರು, ಜಗಳ ಬಿಡಿಸುವರು. ಸತ್ತರೆ ಮಣ್ಣು ಮಾಡಿ, ಕೆಲವು ವರ್ಷಗಳ ಬಳಿಕ ಮೂಳೆಗಳನ್ನು ಆಯ್ದು ಊರಿಗೆ ಕಳುಹಿಸುವರು. ಇವುಗಳೆಲ್ಲ ಕೂಡಿದ ಒಕ್ಕೂಟವೇ ಆರು ಕಂಪನಿಗಳು. ಅದರ ಮುಖಂಡರು ದೊಡ್ಡ ವರ್ತಕರು. ಧರ್ಮದ ಜೊತೆಗೆ ದರ್ಪವೂ ಇತ್ತು. ಊರಿಗೆ ಹಿಂದಿರುಗುವ ಕೂಲಿ ತನ್ನ ಸಾಲವನ್ನೆಲ್ಲ ತೀರಿಸಿದ್ದಾನೆಂದು ಇವರು ಚೀಟಿ ಕೊಡದಿದ್ದರೆ ಅವನಿಗೆ ಹಡಗಿನ ಟಿಕೆಟ್ಟು ಸಿಗುತ್ತಿರಲಿಲ್ಲ. ಬಡವನ ಬೆನ್ನಿಗೆ ನಿಲ್ಲುವ ಕೈ ಅವನ ಕೊರಳಪಟ್ಟಿಯನ್ನೂ ಹಿಡಿದಿರುವುದು ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಹೊಸ ಸಂಗತಿಯೇನಲ್ಲ.

ಈ ಒಕ್ಕೂಟದವರು ಮಾಡಿದ ಒಂದು ಕೆಲಸ ಮಾತ್ರ ಅಪೂರ್ವ. ಅವರು ಒಳ್ಳೆಯ ಬಿಳಿಯ ವಕೀಲರನ್ನು ಹುಡುಕಿ ಸಂಬಳ ಕೊಟ್ಟು ಇಟ್ಟುಕೊಂಡರು. ಆ ವಕೀಲರು ಹಿಡಿದ ಆಯುಧ ಹೇಬಿಯಸ್ ಕಾರ್ಪಸ್ ಅರ್ಜಿ. ಕನ್ನಡಿಗರಿಗೆ ಈ ಲ್ಯಾಟಿನ್ ಹೆಸರಿನ ಪರಿಚಯ ಮಾಡಿಸಿದ್ದು ತುರ್ತುಪರಿಸ್ಥಿತಿ. 1975ರ ಜೂನ್‌ನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಬೆಂಗಳೂರಿನಲ್ಲಿ ಬಂಧಿಸಿದಾಗ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದದ್ದು ಇದೇ ಅರ್ಜಿ. ಒಬ್ಬನನ್ನು ಹಿಡಿದಿಟ್ಟವರು ಅವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ, ಯಾವ ಅಧಿಕಾರದಿಂದ ಹಿಡಿದಿರಿ ಎಂಬುದಕ್ಕೆ ಉತ್ತರ ಹೇಳಬೇಕು, ಅಷ್ಟೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗೆ ತಂದು ನಿಲ್ಲಿಸಬೇಕಾದವನು ಹಡಗಿನ ಕಪ್ತಾನ. ಹಡಗಿನ ಮೇಲಿರುವವನು ಬಂಧಿಯೇ ಎಂಬ ವಾದವನ್ನು ಕೋರ್ಟು ಒಪ್ಪಿತು. ಒಳಗಿದ್ದವನ ಪರವಾಗಿ ದಡದಲ್ಲಿರುವ ಅಪ್ಪನೋ ಚಿಕ್ಕಪ್ಪನೋ ಅಂಗಡಿಯ ಯಜಮಾನನೋ ಅರ್ಜಿಗೆ ಸಹಿ ಹಾಕಿದರೆ ಸಾಕಾಗಿತ್ತು.

ಫೆಡರಲ್ ಜಿಲ್ಲಾ ನ್ಯಾಯಾಧೀಶ ಆಗ್ಡೆನ್ ಹಾಫ್‌ಮನ್ 1851ರಿಂದಲೂ ಆ ಪೀಠದಲ್ಲಿ ಕುಳಿತಿದ್ದ ಮುದುಕ. ಚೀನೀಯರ ವಲಸೆ ಒಳ್ಳೆಯದೆಂದು ಆತ ಎಂದೂ ನಂಬಿದವನಲ್ಲ. ಆದರೂ ಅರ್ಜಿ ಕಾನೂನಿನ ಪ್ರಕಾರವಿದ್ದರೆ ಒಬ್ಬೊಬ್ಬನನ್ನೂ ಪ್ರತ್ಯೇಕವಾಗಿ ಕೇಳದೆ ತಿರಸ್ಕರಿಸಲು ಅವನ ಮನಸ್ಸು ಒಪ್ಪಲಿಲ್ಲ. ಹಗಲು ಸಾಲದೆ ಸಂಜೆಯೂ ಕೋರ್ಟು ನಡೆಸಿದ. ಕೆಲಸದ ಹೊರೆಯ ಬಗ್ಗೆ ಗೊಣಗಿದ, ಪತ್ರಿಕೆಗಳು ಅವನ ಕೋರ್ಟನ್ನು ಹೇಬಿಯಸ್ ಕಾರ್ಪಸ್ಸಿನ ಗಿರಣಿ ಎಂದು ಹಂಗಿಸಿದವು, ಗಿರಣಿ ನಿಲ್ಲಲಿಲ್ಲ. 1882ರ ಬಳಿಕದ ದಶಕದೊಳಗೆ ಅಲ್ಲಿಯ ಫೆಡರಲ್ ನ್ಯಾಯಾಲಯಗಳ ಮುಂದೆ ಬಂದ ಇಂಥ ಅರ್ಜಿಗಳು ಏಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಅರ್ಜಿದಾರರು ದಡಕ್ಕಿಳಿದರು. ಚೀನೀಯರನ್ನು ಮೆಚ್ಚದ ನ್ಯಾಯಾಧೀಶ, ಶುಲ್ಕಕ್ಕಾಗಿ ದುಡಿಯುವ ವಕೀಲರು, ಸಾಲಗಾರರನ್ನು ಕೈಬಿಡದ ವರ್ತಕರು: ಇವರಲ್ಲಿ ಮಹಾತ್ಮರನ್ನು ಹುಡುಕಿದರೆ ನನಗೆ ಒಬ್ಬರೂ ಸಿಕ್ಕುವುದಿಲ್ಲ. ಆದರೂ ಸಾವಿರಾರು ಮಂದಿ ತಮ್ಮ ಮನೆ ಸೇರಿದರು.

ಇಷ್ಟು ಸಲೀಸಾಗಿ ಬಾಗಿಲು ತೆರೆದಿದ್ದರೆ ಸರ್ಕಾರ ಸುಮ್ಮನಿದ್ದೀತೆ? ಚೇ ಚಾನ್ ಪಿಂಗ್ ಎಂಬ ಕೂಲಿಕಾರ ಹನ್ನೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದು 1887ರಲ್ಲಿ ಊರಿಗೆ ಹೊರಟ. ಮರಳಿ ಬರಲು ಹಕ್ಕಿದೆ ಎಂಬ ಸರ್ಕಾರಿ ಪ್ರಮಾಣಪತ್ರ ಅವನ ಪೆಟ್ಟಿಗೆಯಲ್ಲಿತ್ತು. 1888ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ಹಡಗು ಹತ್ತಿದ. ಅವನಿನ್ನೂ ನಡುಗಡಲಿನಲ್ಲಿರುವಾಗ, ಅಕ್ಟೋಬರ್ 1ರಂದು, ಅಂಥ ಪ್ರಮಾಣಪತ್ರಗಳೆಲ್ಲ ರದ್ದೆಂಬ ಹೊಸ ಕಾಯಿದೆಗೆ ಅಂಕಿತ ಬಿತ್ತು. ಒಂದು ವಾರದ ಬಳಿಕ ಹಡಗು ಬಂದರು ಮುಟ್ಟಿದಾಗ ಅವನ ಕೈಯಲ್ಲಿದ್ದದ್ದು ಬರಿಯ ಕಾಗದ. ಆರು ಕಂಪನಿಗಳು ಅವನ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಕೊಂಡೊಯ್ದು 1889ರಲ್ಲಿ ಸೋತವು. ಪರದೇಶದವರನ್ನು ಹೊರಗಿಡುವುದು ರಾಷ್ಟ್ರದ ಸಾರ್ವಭೌಮ ಅಧಿಕಾರ, ಅದರಲ್ಲಿ ನ್ಯಾಯಾಲಯ ಕೈಹಾಕದು ಎಂದು ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಬರೆದರು. ಅಂಥದೇ ಪ್ರಮಾಣಪತ್ರ ಹಿಡಿದು ಊರಿಗೆ ಹೋಗಿದ್ದ ಸುಮಾರು 20,000 ಮಂದಿಯ ದಾರಿ ಹೀಗೆ ಮುಚ್ಚಿತು.

ಮೇಷ್ಟ್ರು ಕೆಂಪು ಗೆರೆ ಎಳೆದಿದ್ದ ವಾಕ್ಯದ ಬೇರು ಇರುವುದು ಇದರ ಮುಂದಿನ ಮೊಕದ್ದಮೆಯಲ್ಲಿ. 1892ರ ಗೀಯರಿ ಕಾಯಿದೆ, ಅಮೆರಿಕದೊಳಗೆ ಅದಾಗಲೇ ನೆಲೆಸಿದ್ದ ಚೀನೀ ಕೂಲಿಕಾರರೆಲ್ಲರೂ ಒಂದು ವರ್ಷದೊಳಗೆ ವಾಸದ ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿತು. ಪತ್ರವಿಲ್ಲದೆ ಸಿಕ್ಕಿಬಿದ್ದವನನ್ನು ಗಡೀಪಾರು ಮಾಡಬಹುದು. ತಪ್ಪಿಸಿಕೊಳ್ಳಬೇಕಾದರೆ ಅವನು ಮೊದಲಿನಿಂದ ಇಲ್ಲಿಯೇ ಇದ್ದನೆಂದು ಸಾಕ್ಷಿ ಹೇಳುವವರು ಬೇಕು. ಆ ಸಾಕ್ಷಿ ಬಿಳಿಯನಾಗಿರಬೇಕು. ಕಳ್ಳತನ ಮಾಡಿದೆನೆಂದು ಸರ್ಕಾರ ರುಜುವಾತು ಮಾಡುವುದರ ಬದಲು, ನಾನು ಇರತಕ್ಕವನೆಂದು ನಾನೇ ರುಜುವಾತು ಮಾಡಬೇಕಾಗಿ ಬಂತು. (ನಮ್ಮ 1946ರ ವಿದೇಶಿಯರ ಕಾಯಿದೆಯೂ ಆ ಭಾರವನ್ನು ಅನುಮಾನಕ್ಕೊಳಗಾದವನ ಹೆಗಲ ಮೇಲೆಯೇ ಇರಿಸಿತ್ತೆಂಬುದನ್ನು ಮರೆತು ನಾವು ಅಮೆರಿಕದವರನ್ನು ಬೈಯುವಂತಿಲ್ಲ.)

ಆರು ಕಂಪನಿಗಳು ಆಗ ಒಂದು ಸಾಹಸಕ್ಕೆ ಕೈ ಹಾಕಿದವು. ಯಾರೂ ನೋಂದಾಯಿಸಿಕೊಳ್ಳಬೇಡಿ, ಈ ಕಾಯಿದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತಲೆಗೊಂದು ಡಾಲರಿನಂತೆ ವಂತಿಗೆ ಕೊಡಿ, ದೊಡ್ಡ ವಕೀಲರನ್ನು ನಿಲ್ಲಿಸುತ್ತೇವೆ ಎಂದು ಸಾರಿದವು. ಜನ ನಂಬಿದರು. ಬಟ್ಟೆ ಒಗೆಯುವವರು, ಅಡುಗೆಯವರು ಡಾಲರು ಕೊಟ್ಟರು; ಬಹುಸಂಖ್ಯಾತರು ಕಚೇರಿಯ ಕಡೆಗೆ ಹೋಗಲೇ ಇಲ್ಲ. ನ್ಯೂಯಾರ್ಕಿನಲ್ಲಿ ಬಂಧಿತರಾದ ಮೂವರು ಕೂಲಿಕಾರರ ಹೆಸರಿನಲ್ಲಿ ಮೊಕದ್ದಮೆ ಹೂಡಲಾಯಿತು. ಅವರಲ್ಲೊಬ್ಬ ಪ್ರಮಾಣಪತ್ರಕ್ಕೆ ಹೋಗಿಯೂ ಇದ್ದ. ಅವನನ್ನು ಬಲ್ಲ ಸಾಕ್ಷಿಗಳೆಲ್ಲ ಚೀನೀಯರೇ ಆಗಿದ್ದರಿಂದ ಸಿಕ್ಕಿರಲಿಲ್ಲ. ಜೋಸೆಫ್ ಚೋಟ್ ಎಂಬ ಹೆಸರಾಂತ ವಕೀಲ ವಾದಿಸಿದರು. ಮೇ 10ರಂದು ವಾದ. ಐದು ದಿನ ಕಳೆದು, 1893ರ ಮೇ 15ರಂದು, ಐದಕ್ಕೆ ಮೂರರಂತೆ ತೀರ್ಪು. ಫಾಂಗ್ ಯೂ ಟಿಂಗ್ ಮೊಕದ್ದಮೆ ಎಂದು ಅದನ್ನು ಕರೆಯುತ್ತಾರೆ. ಗಡೀಪಾರು ಅಪರಾಧಕ್ಕೆ ವಿಧಿಸುವ ಶಿಕ್ಷೆಯಲ್ಲ, ಇರತಕ್ಕವನಲ್ಲದ ಪರದೇಶದವನನ್ನು ಅವನ ದೇಶಕ್ಕೆ ಹಿಂದಿರುಗಿಸುವ ಕ್ರಮ ಮಾತ್ರ ಎಂದು ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದರು. ಶಿಕ್ಷೆಯಲ್ಲವಾದ್ದರಿಂದ ಆರೋಪಿಗೆ ಸಂವಿಧಾನ ಕೊಡುವ ರಕ್ಷಣೆಗಳು ಇವನಿಗಿಲ್ಲ. ನಾಲ್ಕು ವರ್ಷಗಳ ಹಿಂದೆ ಚೇ ಚಾನ್ ಪಿಂಗನನ್ನು ಹೊರಗಟ್ಟಿದ ಅದೇ ಫೀಲ್ಡ್ ಈಗ ಭಿನ್ನಮತ ಬರೆದರು. ಹೊರಗಿನವನನ್ನು ತಡೆಯುವುದು ಬೇರೆ, ಒಳಗೆ ನೆಲೆಸಿದವನನ್ನು ಕಿತ್ತೆಸೆಯುವುದು ಬೇರೆ ಎಂಬುದು ಅವರ ನಿಲುವು. ದಾರಿ ಮಾಡಿಕೊಟ್ಟವರು ಅವರೇ ಆಗಿದ್ದರು.

ಡಾಲರು ಕೊಟ್ಟ ಜನ ಒಕ್ಕೂಟದ ಮುಖಂಡರ ಮೇಲೆ ಸಿಟ್ಟಾದರೆಂಬುದರಲ್ಲಿ ಆಶ್ಚರ್ಯವಿಲ್ಲ. ಸಹಾಯ ಕೇಳಿದವರಿಗೆ ತಪ್ಪು ಸಲಹೆ ಸಿಕ್ಕಿತ್ತು. ಸಂಸತ್ತು ನೋಂದಣಿಗೆ ಇನ್ನೂ ಆರು ತಿಂಗಳ ವಾಯಿದೆ ಕೊಟ್ಟದ್ದರಿಂದ ದೊಡ್ಡ ಅನಾಹುತ ತಪ್ಪಿತು. ತೀರ್ಪು ಮಾತ್ರ ಉಳಿಯಿತು. 1963ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಗುರುತರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಹೇಳಿದಾಗಲೂ ಗಡೀಪಾರಿನ ವಿಚಾರಣೆ ಆ ಕೊಡೆಯ ಹೊರಗೇ ನಿಂತಿತ್ತು. ಅದಕ್ಕೆ ಮೊದಲೇ, 1952ರ ವಲಸೆ ಕಾಯಿದೆಯಲ್ಲಿ, ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು, ಸರ್ಕಾರಕ್ಕೆ ವೆಚ್ಚವಿಲ್ಲದಂತೆ ಎಂಬ ಮಾತು ಅಚ್ಚಾಗಿತ್ತು. ಮೇಷ್ಟ್ರ ಮಗನ ನೋಟೀಸಿನಲ್ಲಿ ಇರುವುದು ಆ ಮಾತೇ.

ಹೀಗೆಂದ ಮಾತ್ರಕ್ಕೆ ಆರು ಕಂಪನಿಗಳ ಹೋರಾಟವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಹೇಳಲಾರೆ. ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನ ಕಥೆ ಕೇಳಿ. 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ, ಅಂಗಡಿ ಇಟ್ಟುಕೊಂಡಿದ್ದ ಚೀನೀ ದಂಪತಿಗಳಿಗೆ ಹುಟ್ಟಿದವನು. 1894ರಲ್ಲಿ ಚೀನಕ್ಕೆ ಹೋಗಿ ಮರುವರ್ಷ ಆಗಸ್ಟಿನಲ್ಲಿ ‘ಕಾಪ್ಟಿಕ್’ ಎಂಬ ಹಡಗಿನಲ್ಲಿ ಹಿಂದಿರುಗಿದ. ತಾನು ಇಲ್ಲಿಯೇ ಹುಟ್ಟಿದವನೆಂದು ಬಿಳಿಯರು ಸಾಕ್ಷಿ ಹಾಕಿದ ಪತ್ರ ಅವನಲ್ಲಿತ್ತು. ಹುಟ್ಟಿದ್ದು ನಿಜವಿರಬಹುದು, ಆದರೂ ನೀನು ಪ್ರಜೆಯಲ್ಲ ಎಂದ ಸುಂಕದ ಅಧಿಕಾರಿ. ಕಾಪ್ಟಿಕ್ ಮರಳಿ ಹೊರಡುವ ಹೊತ್ತಾದಾಗ ಅವನನ್ನು ಇನ್ನೊಂದು ಹಡಗಿಗೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿದರು. ತಾನು ಹುಟ್ಟಿದ ಊರಿನ ದೀಪಗಳು ಕಾಣುವಷ್ಟು ದೂರದಲ್ಲಿ ತಿಂಗಳುಗಟ್ಟಲೆ ಅವನು ನೀರಿನ ಮೇಲೆಯೇ ಇದ್ದ. ಒಕ್ಕೂಟದ ವಕೀಲ ಥಾಮಸ್ ರಿಯೊರ್ಡನ್ ಅಕ್ಟೋಬರಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 1896ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು, ಸರ್ಕಾರ ಮೇಲ್ಮನವಿ ಹೋಯಿತು, 1898ರ ಮಾರ್ಚ್ 28ರಂದು ಸರ್ವೋಚ್ಚ ನ್ಯಾಯಾಲಯ ಆರಕ್ಕೆ ಎರಡರಂತೆ ಹೇಳಿತು: ಅಮೆರಿಕದ ನೆಲದಲ್ಲಿ ಹುಟ್ಟಿದವನು, ತಂದೆತಾಯಿ ಯಾವ ಜನಾಂಗದವರಾಗಿದ್ದರೂ, ಅಮೆರಿಕದ ಪ್ರಜೆ. ಬರೆದವರು ಯಾರು ಗೊತ್ತೆ? ಐದು ವರ್ಷದ ಹಿಂದೆ ಗಡೀಪಾರು ಶಿಕ್ಷೆಯಲ್ಲವೆಂದ ಅದೇ ಹೊರೇಸ್ ಗ್ರೇ.

ಇಂದು ನಮ್ಮ ಎಷ್ಟೋ ಮನೆಗಳ ಮೊಮ್ಮಕ್ಕಳು ಅಮೆರಿಕದ ಪಾಸ್‌ಪೋರ್ಟು ಹಿಡಿದು ಬೇಸಿಗೆಯ ರಜೆಗೆ ಅಜ್ಜನ ಮನೆಗೆ ಬರುತ್ತಾರಲ್ಲ, ಅದರ ಹಿಂದೆ ಈ ಅಡುಗೆಯವನಿದ್ದಾನೆ. 2025ರ ಜನವರಿಯಲ್ಲಿ, ತಾತ್ಕಾಲಿಕ ವೀಸಾದ ಮೇಲಿರುವವರ ಮಕ್ಕಳಿಗೆ ಹುಟ್ಟಿನಿಂದ ಬರುವ ಪೌರತ್ವವನ್ನು ನಿಲ್ಲಿಸಲು ಹೊರಟ ಅಧ್ಯಕ್ಷರ ಆದೇಶ ಹೊರಬಿದ್ದಾಗ ನ್ಯಾಯಾಲಯಗಳಲ್ಲಿ ಮತ್ತೆ ಕೇಳಿಬಂದದ್ದು ಇವನ ಹೆಸರೇ. ಗೆದ್ದವನ ಬಾಳು ಮಾತ್ರ ಹಸನಾಗಲಿಲ್ಲ. 1901ರಲ್ಲಿ ಟೆಕ್ಸಸ್ಸಿನ ಎಲ್ ಪಾಸೋ ಊರಿನಲ್ಲಿ ಅವನನ್ನು ಅಕ್ರಮ ವಲಸಿಗನೆಂದು ಮತ್ತೆ ಬಂಧಿಸಿದರು. ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನ ಮೇಲೆ ತನ್ನ ಹೆಸರೇ ಇದ್ದರೂ, ಪ್ರಜೆಯೆಂದು ರುಜುವಾತು ಮಾಡಲು ಅವನು ಜಾಮೀನು ಕೊಟ್ಟು ಕಾಯಬೇಕಾಯಿತು. ಅವನ ಹಿರಿಯ ಮಗ ಚೀನದಿಂದ 1910ರಲ್ಲಿ ಬಂದಾಗ, ತಂದೆಯ ಹೇಳಿಕೆಗೂ ಮಗನ ಹೇಳಿಕೆಗೂ ತಾಳೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದರು.

ಆ ತಾಳೆ ನೋಡುತ್ತಿದ್ದ ಜಾಗಕ್ಕೆ ಈಗ ಬರಬೇಕು. 1894ರ ಕಾಯಿದೆಯೊಂದು ಪ್ರವೇಶದ ವಿಷಯದಲ್ಲಿ ಅಧಿಕಾರಿಗಳ ಮಾತೇ ಕೊನೆಯೆಂದಿತು. ನಾನು ಇಲ್ಲಿಯೇ ಹುಟ್ಟಿದವನು ಎನ್ನುವವನಿಗೆ ಕೋರ್ಟಿನ ಬಾಗಿಲು ಇನ್ನೂ ಸ್ವಲ್ಪ ತೆರೆದಿತ್ತು. 1905ರ ಜೂ ಟಾಯ್ ತೀರ್ಪು ಅದನ್ನೂ ಎಳೆದು ಮುಚ್ಚಿತು. ಹಾಫ್‌ಮನ್ನನ ಗಿರಣಿ ಹೀಗೆ ನಿಂತುಹೋಯಿತು. ಮರುವರ್ಷ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಊರಿನ ಜನನದ ದಾಖಲೆಗಳೆಲ್ಲ ಬೂದಿಯಾದವು. ಇನ್ನು ಯಾರು ಬೇಕಾದರೂ ತಾನು ಇಲ್ಲಿ ಹುಟ್ಟಿದವನೆನ್ನಬಹುದು, ಊರಿನಲ್ಲಿ ಇಷ್ಟು ಮಕ್ಕಳಿದ್ದಾರೆನ್ನಬಹುದು, ಇಲ್ಲದ ಮಗನ ಜಾಗವನ್ನು ಬೇರೊಬ್ಬನಿಗೆ ಮಾರಬಹುದು. ಹಾಗೆ ಬಂದವರನ್ನು ‘ಕಾಗದದ ಮಕ್ಕಳು’ ಎಂದರು. ಇದು ಸುಳ್ಳೇ. ಆದರೆ ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿದ ಮೇಲೆ ಹುಟ್ಟಿದ ಸುಳ್ಳು.

1910ರ ಜನವರಿಯಿಂದ 1940ರ ತನಕ ಬಂದವರನ್ನು ಕೊಲ್ಲಿಯ ನಡುವಣ ಏಂಜೆಲ್ ದ್ವೀಪದಲ್ಲಿ ಇರಿಸಿ ವಿಚಾರಿಸುತ್ತಿದ್ದರು. ಪ್ರಶ್ನೆಗಳನ್ನು ಓದಿದಾಗ ನನಗೆ ಬೆವರು ಬಂತು. ನಿಮ್ಮ ಊರಿನ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ? ಅಕ್ಕಿಯ ಹಗೇವು ಎಲ್ಲಿದೆ? ಮೂರನೆಯ ಸಾಲಿನ ಎರಡನೆಯ ಮನೆ ಯಾರದು? ಹಿತ್ತಲಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಇವನ್ನೇ ದಡದಲ್ಲಿರುವ ತಂದೆಗೂ ಕೇಳಿ ಹೋಲಿಸುವುದು. ನಮ್ಮ ಹಳ್ಳಿಯ ಮನೆಯ ಜಗಲಿಗೆ ಎಷ್ಟು ಮೆಟ್ಟಿಲಿದ್ದವೆಂದು ನನ್ನನ್ನೂ ನನ್ನ ತಮ್ಮನನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದರೆ ನಾವು ಒಂದೇ ತಾಯಿಯ ಮಕ್ಕಳೆಂದು ಯಾರೂ ನಂಬುತ್ತಿರಲಿಲ್ಲ.

ವಿಚಾರಣೆಯ ಕೋಣೆಗೆ ವಕೀಲರಿಗೆ ಪ್ರವೇಶವಿರಲಿಲ್ಲ. ನಿರಾಕರಣೆಯಾದ ಮೇಲೆ ಕಡತ ನೋಡಿ ವಾಷಿಂಗ್ಟನ್ನಿಗೆ ಮೇಲ್ಮನವಿ ಬರೆಯಬಹುದಿತ್ತು, ಅಷ್ಟೆ. ಹೀಗಾಗಿ ಸಹಾಯ ಬೇರೆ ದಾರಿ ಹಿಡಿಯಿತು. ದ್ವೀಪದ ಅಡುಗೆಮನೆಯಲ್ಲಿ ಚೀನೀ ಆಳುಗಳಿದ್ದರು. ರಜೆಯ ದಿನ ಅವರು ಊರಿಗೆ ಹೋಗಿ ಬಂಧಿತರ ಬಂಧುಗಳನ್ನು ಕಂಡು, ತಂದೆ ಏನೆಂದು ಹೇಳಿದ್ದಾನೆಂಬ ಚೀಟಿ ಪಡೆದು, ಊಟದ ಪಾತ್ರೆಗಳ ನಡುವೆ ಬಚ್ಚಿಟ್ಟು ತಲುಪಿಸುತ್ತಿದ್ದರು. ಬಂಧಿತರು 1922ರಲ್ಲಿ ತಮ್ಮೊಳಗೇ ಒಂದು ಸಂಘ ಮಾಡಿಕೊಂಡರು; ಹೊಸಬರಿಗೆ ನಿಯಮ ತಿಳಿಸುವುದು, ಅಧಿಕಾರಿಗಳಿಗೆ ದೂರು ಮುಟ್ಟಿಸುವುದು, ಚೀಟಿಗಳನ್ನು ಸೇರಬೇಕಾದವರಿಗೆ ಸೇರಿಸುವುದು ಅದರ ಕೆಲಸ. ಕ್ಯಾಥರೀನ್ ಮೌರರ್ ಎಂಬ ಮೆಥಡಿಸ್ಟ್ ಸೇವಿಕೆ 1912ರಿಂದ ಕೇಂದ್ರ ಮುಚ್ಚುವ ತನಕ ಅಲ್ಲಿಯ ಹೆಂಗಸರು ಮಕ್ಕಳಿಗೆ ಬಟ್ಟೆ, ನೂಲು, ಇಂಗ್ಲಿಷ್ ಪಾಠ ಕೊಟ್ಟು ಬಂದರು. ಗಂಡಸರು ಮರದ ಗೋಡೆಗಳ ಮೇಲೆ ಕವಿತೆ ಕೆತ್ತಿದರು. 1970ರಲ್ಲಿ, ಕಟ್ಟಡವನ್ನು ಕೆಡವುವ ಸಿದ್ಧತೆ ನಡೆದಿದ್ದಾಗ, ಉದ್ಯಾನದ ಕಾವಲುಗಾರನೊಬ್ಬ ಟಾರ್ಚಿನ ಬೆಳಕಿನಲ್ಲಿ ಅವನ್ನು ಕಂಡುದರಿಂದ ಅವು ಉಳಿದವು.

ಅದೇ ದ್ವೀಪದಲ್ಲಿ ನಮ್ಮವರೂ, ಹೆಚ್ಚಾಗಿ ಪಂಜಾಬಿನ ರೈತರು, ದಿನ ಎಣಿಸಿದ್ದಾರೆ. ಅವರಿಗೆ ಆರು ಕಂಪನಿಗಳಂಥ ಹಳೆಯ ಆಸರೆಯಿರಲಿಲ್ಲ. ಒಬ್ಬ ವಕೀಲನಿದ್ದ: ಗುಜರಾತಿನಿಂದ 1906ರಲ್ಲಿ ಹೋದ ಸಖಾರಾಮ ಗಣೇಶ ಪಂಡಿತ. ಭಾರತೀಯ ತತ್ತ್ವಶಾಸ್ತ್ರದ ಮೇಲೆ ಉಪನ್ಯಾಸ ಮಾಡುತ್ತಿದ್ದವರು 1914ರಲ್ಲಿ ಪೌರತ್ವ ಪಡೆದು, ಬಳಿಕ ಲಾಸ್ ಏಂಜೆಲಿಸ್ಸಿನಲ್ಲಿ ವಕೀಲರಾದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದವರು ಇವರೇ. ಆ ಕಾಲದಲ್ಲಿ ಪೌರತ್ವ ಸಿಗುತ್ತಿದ್ದುದು ಬಿಳಿಯರಿಗೆ ಮತ್ತು ಆಫ್ರಿಕ ಮೂಲದವರಿಗೆ ಮಾತ್ರ. ಥಿಂಡ್ ಉಚ್ಚ ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದು ವಾದ ಹೂಡಲಾಯಿತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆಂಬುದನ್ನು ಬಲ್ಲೆ. ಆದರೂ ಜಾತಿಯ ಹೆಮ್ಮೆಯನ್ನು ಕಡಲಾಚೆಯ ಕೋರ್ಟಿನಲ್ಲಿ ದಾಖಲೆಯಾಗಿ ಸಲ್ಲಿಸಿದ್ದನ್ನು ಓದುವಾಗ ನನಗೆ ನಾಚಿಕೆಯಾಗುತ್ತದೆ. 1923ರ ಫೆಬ್ರವರಿ 19ರಂದು ನ್ಯಾಯಾಲಯ, ಜನಸಾಮಾನ್ಯರ ತಿಳಿವಳಿಕೆಯಲ್ಲಿ ಇವನು ಬಿಳಿಯನಲ್ಲ ಎಂದು ಮುಗಿಸಿತು. ಅದರ ಬಲದ ಮೇಲೆ ಸರ್ಕಾರ, ಅದಾಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನು ಒಬ್ಬೊಬ್ಬರದಾಗಿ ಕಿತ್ತುಕೊಳ್ಳತೊಡಗಿತು.

ಸರದಿ ಪಂಡಿತರ ಮನೆಗೂ ಬಂತು. ಈ ಸಲ 1923ರ ವಾದವನ್ನು ಅವರು ಮುಟ್ಟಲಿಲ್ಲ. 1914ರಲ್ಲಿ ಒಂದು ನ್ಯಾಯಾಲಯ ವಿಚಾರಣೆ ಮಾಡಿಯೇ ನನಗೆ ಪೌರತ್ವ ಕೊಟ್ಟಿತು. ಸರ್ಕಾರ ಆಗ ಮೇಲ್ಮನವಿ ಹೋಗಲಿಲ್ಲ. ಅದನ್ನು ನಂಬಿ ನಾನು ವಕೀಲನಾದೆ, ಬಾಳು ಕಟ್ಟಿಕೊಂಡೆ. ಈಗ ಅದು ಹೋದರೆ ವಕೀಲಿಯೂ ಹೋಗುತ್ತದೆ, ಅಮೆರಿಕದವಳೇ ಆದ ನನ್ನ ಹೆಂಡತಿಯ ಪೌರತ್ವವೂ ಹೋಗುತ್ತದೆ ಎಂದರು. ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದವಳು ತನ್ನ ಪೌರತ್ವ ಕಳೆದುಕೊಳ್ಳುವ ಕಾನೂನು ಆಗ ಇತ್ತು. ಮುಗಿದ ತೀರ್ಪನ್ನು ಮತ್ತೆ ಕೆದಕುವಂತಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 1926ರಲ್ಲಿ ಪಂಡಿತರ ಪರ ನಿಂತಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಮನವಿಯನ್ನು ಕೇಳಲು ಒಪ್ಪಲಿಲ್ಲ. ಉಳಿದ ಭಾರತೀಯರ ಮೇಲಿನ ಮೊಕದ್ದಮೆಗಳನ್ನು ಸರ್ಕಾರ ಕೈಬಿಟ್ಟಿತು.

ಪೌರತ್ವ ಹೋಗಿಯೇ ಬಿಟ್ಟಿದ್ದವರಿಗೆ ಅದರಿಂದ ಏನೂ ಬರಲಿಲ್ಲ. ಪೇಶಾವರದಿಂದ ಹೆಂಡತಿ, ಮೂವರು ಗಂಡುಮಕ್ಕಳೊಡನೆ 1915ರಲ್ಲಿ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ನಡೆಸುತ್ತಿದ್ದ ವೈಷ್ಣೋದಾಸ ಬಾಗಾಯಿ ಅಂಥವರಲ್ಲೊಬ್ಬರು. ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟು ಕೇಳಿದರೆ ಕೊಡಲಿಲ್ಲ; ತಾವು ತೊರೆದು ಬಂದಿದ್ದ ಬ್ರಿಟಿಷರ ಪಾಸ್‌ಪೋರ್ಟನ್ನೇ ಪಡೆಯಲು ಹೇಳಿದರು. 1928ರಲ್ಲಿ ಅವರು ಪತ್ರಿಕೆಯೊಂದಕ್ಕೆ ಪತ್ರ ಬರೆದಿಟ್ಟು ತಮ್ಮ ಜೀವವನ್ನು ಕೊನೆಗೊಳಿಸಿಕೊಂಡರು. ಥಿಂಡ್ ಅವರಿಗೆ, ಯುದ್ಧದಲ್ಲಿ ದುಡಿದ ಸೈನಿಕರಿಗೆಂದು ಬಂದ ಕಾನೂನಿನಡಿ, 1936ರಲ್ಲಿ ಪೌರತ್ವ ಸಿಕ್ಕಿತು. ಭಾರತೀಯರೆಲ್ಲರಿಗೂ ಅದು ತೆರೆದದ್ದು 1946ರಲ್ಲಿ. ನಮ್ಮ ಎಂಜಿನಿಯರುಗಳೂ ಡಾಕ್ಟರುಗಳೂ ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು 1965ರ ಕಾಯಿದೆಯ ತರುವಾಯ.

ಇಷ್ಟನ್ನೂ ನಾನು ಅಂದು ಸಂಜೆ ಮೇಷ್ಟ್ರಿಗೆ ಹೇಳಲಿಲ್ಲ. ಮಗನ ಚಿಂತೆಯಲ್ಲಿರುವವರಿಗೆ ಚರಿತ್ರೆ ಬೇಕಾಗಿರಲಿಲ್ಲ, ವಕೀಲರು ಬೇಕಾಗಿದ್ದರು. 2007ರಿಂದ 2012ರವರೆಗಿನ ಗಡೀಪಾರು ಮೊಕದ್ದಮೆಗಳನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ವಕೀಲರಿದ್ದವರು ಶೇಕಡ 37. ಬಂಧನದಲ್ಲಿದ್ದವರ ಪೈಕಿ ಶೇಕಡ 14 ಮಾತ್ರ. 2013ರಲ್ಲಿ ನ್ಯೂಯಾರ್ಕ್ ನಗರ ಬಂಧಿತ ವಲಸಿಗರಿಗೆ ತನ್ನ ಹಣದಿಂದ ವಕೀಲರನ್ನು ಕೊಡುವ ಪದ್ಧತಿ ಆರಂಭಿಸಿತು. ಬೇರೆ ಕೆಲವು ಊರುಗಳು ಅನುಸರಿಸಿದವು. ವಲಸೆ ನ್ಯಾಯಾಲಯಗಳು ಉಚಿತ ಅಥವಾ ಕಡಿಮೆ ಶುಲ್ಕದ ಕಾನೂನು ನೆರವಿನ ಸಂಸ್ಥೆಗಳ ಪಟ್ಟಿಯೊಂದನ್ನು ಕೊಡುತ್ತವೆ, ಮೊದಲು ಅದನ್ನು ಕೇಳಿ ಪಡೆಯಲಿ ಎಂದೆ. ಪರವಾನಗಿಯಿಲ್ಲದೆ ಅರ್ಜಿ ಬರೆದುಕೊಡುತ್ತೇನೆಂದು ಹಣ ಕೀಳುವವರಿದ್ದಾರೆ, ಹುಷಾರು ಎಂದೂ ಹೇಳಿದೆ. ಏನೇ ಆದರೂ ಹಾಜರಾಗುವ ದಿನ ತಪ್ಪಬಾರದು, ತಪ್ಪಿದರೆ ಅವನಿಲ್ಲದೆಯೇ ಗಡೀಪಾರಿನ ಆದೇಶ ಬೀಳುತ್ತದೆ ಎಂಬುದನ್ನು ಎರಡು ಸಲ ಹೇಳಿದೆ. ಮೇಷ್ಟ್ರು ಅದೇ ಕೆಂಪು ಶಾಯಿಯಲ್ಲಿ ಹಾಳೆಯ ಹಿಂಬದಿಗೆ ಬರೆದುಕೊಂಡರು.

ಎರಡು ತಿಂಗಳ ಮೇಲೆ ಮತ್ತೆ ಸಿಕ್ಕಿದರು. ಅಲ್ಲಿಯ ಕನ್ನಡಿಗರ ಗುಂಪಿನಲ್ಲಿ ಯಾರೋ ಒಬ್ಬರು ತಮಗೆ ಗೊತ್ತಿದ್ದ ವಕೀಲೆಯೊಬ್ಬರ ಬಳಿಗೆ ಹುಡುಗನನ್ನು ಕರೆದೊಯ್ದಿದ್ದರಂತೆ. ಆಕೆ ಶುಲ್ಕವನ್ನು ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ರಾಶಿ ಬಿದ್ದಿರುವುದರಿಂದ ಮುಖ್ಯ ವಿಚಾರಣೆ ಎರಡು ವರ್ಷ ಮುಂದಕ್ಕೆ ಬಿದ್ದಿದೆ. ಮೇಷ್ಟ್ರು ಆ ತಾರೀಖನ್ನು ಗುರುತು ಹಾಕೋಣವೆಂದು ಗೋಡೆಯ ಕ್ಯಾಲೆಂಡರಿನ ಬಳಿಗೆ ಹೋದರಂತೆ. ಕ್ಯಾಲೆಂಡರು ಡಿಸೆಂಬರಿಗೆ ಮುಗಿದಿತ್ತು. ಹಾಗಾಗಿ ಪಂಚಾಂಗದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟಿದ್ದಾರೆ.